ಫೋಲ್ಡರ್ ತೆರೆಯುತ್ತಿಲ್ಲವೇ? ಬೀಗ ಯಾವುದೆಂದು ಮೊದಲು ನೋಡಿ

ಮನೆಯ ಕಂಪ್ಯೂಟರ್: ಅಜ್ಜ, ಅಜ್ಜಿ, ಮೊಮ್ಮಕ್ಕಳು ಒಟ್ಟಿಗೆ ಕೂತು ಓದುವ ಅಂಕಣ

ಈ ವಾರದ ಪ್ರಶ್ನೆ: ನಮ್ಮ ಮನೆಯ ಹಳೆಯ ಕಂಪ್ಯೂಟರ್ ಕೆಟ್ಟುಹೋಯಿತು. ರಿಪೇರಿ ಅಂಗಡಿಯವರು ಅದರ ಹಾರ್ಡ್ ಡಿಸ್ಕ್ ಬಿಚ್ಚಿ, ಯುಎಸ್‌ಬಿ ಡಬ್ಬಿಯೊಂದರಲ್ಲಿ ಕೂರಿಸಿ ಕೊಟ್ಟಿದ್ದಾರೆ. ಹೊಸ ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಡಿಸ್ಕ್ ಕಾಣಿಸುತ್ತದೆ. ಆದರೆ ನನ್ನ ಹೆಸರಿನ ಫೋಲ್ಡರ್ ಒತ್ತಿದರೆ, ನಿಮಗೆ ಅನುಮತಿ ಇಲ್ಲ ಎಂದು ಇಂಗ್ಲಿಷಿನಲ್ಲಿ ಬರುತ್ತದೆ. ತೀರಿಹೋದ ನನ್ನ ಹೆಂಡತಿಯ ಫೋಟೊಗಳೆಲ್ಲ ಅದರಲ್ಲೇ ಇವೆ. ಏಳನೇ ತರಗತಿಯ ಮೊಮ್ಮಗ ‘ಫಾರ್ಮ್ಯಾಟ್ ಮಾಡಿದ್ರೆ ಸರಿಹೋಗುತ್ತೆ ತಾತ’ ಅನ್ನುತ್ತಾನೆ. ಮಾಡಿಸಲೇ?

ಉತ್ತರ: ಬೇಡ. ಖಂಡಿತ ಬೇಡ. ಫಾರ್ಮ್ಯಾಟ್ ಮಾಡುವುದೆಂದರೆ ಸ್ಲೇಟು ಒರೆಸಿದಂತೆ. ಸ್ಲೇಟು ಚೊಕ್ಕಟವಾಗುತ್ತದೆ, ಬರೆದದ್ದು ಹೋಗುತ್ತದೆ. ನಿಮಗೆ ಬೇಕಾಗಿರುವುದು ಸ್ಲೇಟಲ್ಲ, ಅದರ ಮೇಲಿನ ಬರಹ. ಆದ್ದರಿಂದ ಸದ್ಯಕ್ಕೆ ಆ ಡಿಸ್ಕಿನಲ್ಲಿ ಹೊಸದಾಗಿ ಏನನ್ನೂ ತುಂಬಬೇಡಿ, ಅದರಿಂದ ಏನನ್ನೂ ಅಳಿಸಬೇಡಿ. ನೀವು ಬರೆದಿರುವ ಲಕ್ಷಣ ನೋಡಿದರೆ ಫೋಟೊಗಳು ಸುರಕ್ಷಿತವಾಗಿರುವ ಸಂಭವವೇ ಹೆಚ್ಚು.

ನನ್ನ ಫೋಲ್ಡರ್ ನನಗೇ ಏಕೆ ಇಲ್ಲ?

ಮಕ್ಕಳೇ, ನಿಮ್ಮ ತರಗತಿಯಲ್ಲಿ ಇಬ್ಬರು ಮಂಜುನಾಥರಿದ್ದರೆ ಮೇಷ್ಟ್ರು ಏನು ಮಾಡುತ್ತಾರೆ? ರೋಲ್ ನಂಬರ್ ಕೂಗುತ್ತಾರೆ. ವಿಂಡೋಸ್ ಕೂಡ ಹಾಗೆಯೇ. ಕಂಪ್ಯೂಟರಿನಲ್ಲಿ ಒಬ್ಬರ ಹೆಸರಿನಲ್ಲಿ ಖಾತೆ ತೆರೆದಾಗ, ಆ ಖಾತೆಗೆ ಉದ್ದನೆಯದೊಂದು ಸಂಖ್ಯೆ ಸಿಗುತ್ತದೆ. ಪ್ರತಿ ಫೋಲ್ಡರಿನ ಜೊತೆಗೂ ಒಂದು ಪಟ್ಟಿ ಇರುತ್ತದೆ: ಯಜಮಾನ ಯಾರು, ಓದಬಹುದಾದವರು ಯಾರು, ಬದಲಿಸಬಹುದಾದವರು ಯಾರು. ಆ ಪಟ್ಟಿಯಲ್ಲಿ ಬರೆದಿರುವುದು ಹೆಸರಲ್ಲ, ಸಂಖ್ಯೆ.

ತಾತ ಹಳೆಯ ಕಂಪ್ಯೂಟರಿನಲ್ಲೂ ಹೊಸ ಲ್ಯಾಪ್‌ಟಾಪಿನಲ್ಲೂ ಒಂದೇ ಹೆಸರು ಇಟ್ಟುಕೊಂಡಿರಬಹುದು. ಸಂಖ್ಯೆ ಮಾತ್ರ ಬೇರೆ ಬೇರೆ. ಹೊಸ ಲ್ಯಾಪ್‌ಟಾಪ್ ಪಟ್ಟಿ ನೋಡುತ್ತದೆ, ‘ಈ ನಂಬರಿನವರು ನಮ್ಮಲ್ಲಿ ಯಾರೂ ಇಲ್ಲವಲ್ಲ’ ಎಂದು ಬಾಗಿಲು ತೆರೆಯುವುದಿಲ್ಲ. ಹೊಸದಾಗಿ ಬಂದ ಕಾವಲುಗಾರ ಮನೆಯ ಯಜಮಾನರನ್ನೇ ಗೇಟಿನಲ್ಲಿ ನಿಲ್ಲಿಸಿದ ಹಾಗೆ. ತಪ್ಪು ಅವನದಲ್ಲ, ಅವನಿಗೆ ಇವರ ಪರಿಚಯವಿಲ್ಲ. ನಾವು ಪರಿಚಯ ಮಾಡಿಕೊಡಬೇಕು, ಅಷ್ಟೆ.

ಪರಿಚಯ ಮಾಡಿಕೊಡುವ ಬಗೆ

ಇದಕ್ಕೆ ಅಡ್ಮಿನಿಸ್ಟ್ರೇಟರ್ ಅಧಿಕಾರವಿರುವ ಖಾತೆ ಬೇಕು. ಮನೆಯ ಕಂಪ್ಯೂಟರಿನಲ್ಲಿ ಮೊದಲು ತೆರೆದ ಖಾತೆಗೆ ಸಾಮಾನ್ಯವಾಗಿ ಆ ಅಧಿಕಾರ ಇರುತ್ತದೆ. ಮಕ್ಕಳೇ, ನಿಮ್ಮ ಖಾತೆಗೆ ಅದಿಲ್ಲದಿದ್ದರೆ ಅಪ್ಪ ಅಮ್ಮನನ್ನು ಜೊತೆಗೆ ಕೂರಿಸಿಕೊಳ್ಳಿ.

1. ಹಳೆಯ ಡಿಸ್ಕ್ ತೆರೆದು, ‘ಯೂಸರ್ಸ್’ ಎಂಬ ಫೋಲ್ಡರಿನೊಳಗೆ ತಾತನ ಹೆಸರಿರುವ ಫೋಲ್ಡರ್ ಹುಡುಕಿ. ಹಳೆಯ ಕಂಪ್ಯೂಟರಿನಲ್ಲಿ ವಿಂಡೋಸ್ ಎಕ್ಸ್‌ಪಿ ಇದ್ದಿದ್ದರೆ ಮಾತ್ರ ‘ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್’ ಒಳಗೆ ನೋಡಬೇಕು.

2. ತಾತನ ಫೋಲ್ಡರ್ ಮೇಲೆ ಎರಡು ಸಲ ಒತ್ತಿ. ಅನುಮತಿ ಇಲ್ಲ ಎಂಬ ಚೌಕದಲ್ಲಿ ‘ಕಂಟಿನ್ಯೂ’ ಎಂಬ ಗುಂಡಿ ಇದ್ದರೆ ಅದನ್ನು ಒತ್ತಿ. ಒಳಗೆ ಸಾವಿರಾರು ಫೋಟೊಗಳಿದ್ದರೆ ಬಹಳ ಹೊತ್ತು ಹಿಡಿಯಬಹುದು. ನಡುವೆ ನಿಲ್ಲಿಸಬೇಡಿ, ಡಿಸ್ಕನ್ನು ಎಳೆಯಬೇಡಿ. ಎಷ್ಟೋ ಸಲ ಕೆಲಸ ಇಲ್ಲಿಗೇ ಮುಗಿದುಹೋಗುತ್ತದೆ.

3. ಅದರಿಂದಲೂ ಆಗದಿದ್ದರೆ, ಫೋಲ್ಡರ್ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’ ತೆರೆಯಿರಿ. ಅಲ್ಲಿ ‘ಸೆಕ್ಯುರಿಟಿ’, ಅದರಲ್ಲಿ ‘ಅಡ್ವಾನ್ಸ್ಡ್’. ಮೇಲ್ಭಾಗದಲ್ಲಿ ‘ಓನರ್’ ಎಂಬ ಸಾಲು ಕಾಣುತ್ತದೆ. ಓನರ್ ಎಂದರೆ ಯಜಮಾನ. ಅಲ್ಲಿ ಹೆಸರಿನ ಬದಲು ಉದ್ದನೆಯ ಸಂಖ್ಯೆ ಕಂಡರೆ ನಮ್ಮ ಊಹೆ ಸರಿ ಎಂದರ್ಥ. ಅದೇ ಹಳೆಯ ರೋಲ್ ನಂಬರ್.

4. ಪಕ್ಕದ ‘ಚೇಂಜ್’ ಒತ್ತಿ, ಹೊಸ ಲ್ಯಾಪ್‌ಟಾಪಿನ ಖಾತೆಯ ಹೆಸರು ಟೈಪ್ ಮಾಡಿ, ‘ಚೆಕ್ ನೇಮ್ಸ್’ ಒತ್ತಿ. ಹೆಸರಿನ ಕೆಳಗೆ ಗೆರೆ ಬಿದ್ದರೆ ಕಂಪ್ಯೂಟರಿಗೆ ಗುರುತು ಸಿಕ್ಕಿತು. ಓಕೆ ಒತ್ತಿದ ಮೇಲೆ, ಓನರ್ ಸಾಲಿನ ಕೆಳಗೇ ಒಂದು ಪುಟ್ಟ ಚೌಕ ಬರುತ್ತದೆ. ಒಳಗಿನ ಎಲ್ಲ ಫೋಲ್ಡರುಗಳಿಗೂ ಇದೇ ಯಜಮಾನರು ಎಂದು ಹೇಳುವ ಚೌಕ ಅದು. ಅದಕ್ಕೆ ಟಿಕ್ ಹಾಕಿ, ‘ಅಪ್ಲೈ’ ಒತ್ತಿ.

5. ಎಲ್ಲ ಮುಚ್ಚಿ, ಫೋಲ್ಡರನ್ನು ಮತ್ತೆ ತೆರೆಯಿರಿ. ಈಗ ‘ಕಂಟಿನ್ಯೂ’ ಒತ್ತಿದರೆ ಒಳಗೆ ಬಿಡಬೇಕು.

ಫೋಟೊಗಳು ಕಂಡ ಕೂಡಲೇ ಹೊಸ ಲ್ಯಾಪ್‌ಟಾಪಿಗೆ ಕಾಪಿ ಮಾಡಿ. ‘ಕಟ್’ ಬೇಡ, ‘ಕಾಪಿ’ಯೇ ಇರಲಿ. ಹಳೆಯದು ಹಳೆಯ ಜಾಗದಲ್ಲೂ ಉಳಿಯಬೇಕು.

ಒಂದು ಎಚ್ಚರಿಕೆ. ಈ ಯಜಮಾನಿಕೆಯನ್ನು ನಿಮ್ಮ ಸ್ವಂತ ಫೋಲ್ಡರಿಗೆ ಮಾತ್ರ ಬದಲಿಸಿ. ಓಡುತ್ತಿರುವ ಕಂಪ್ಯೂಟರಿನ ‘ವಿಂಡೋಸ್’ ಫೋಲ್ಡರಿಗಾಗಲಿ, ಇಡೀ ಸಿ ಡ್ರೈವಿಗಾಗಲಿ ಮಾಡಲು ಹೋಗಬೇಡಿ. ‘ಸಿಸ್ಟಂ ವಾಲ್ಯೂಮ್ ಇನ್ಫರ್ಮೇಶನ್’ ಎಂಬ ಫೋಲ್ಡರ್ ಕೂಡ ತೆರೆಯುವುದಿಲ್ಲ. ಅದು ವಿಂಡೋಸ್ ತನ್ನ ಕೆಲಸಕ್ಕೆ ಇಟ್ಟುಕೊಂಡದ್ದು, ಅದರಲ್ಲಿ ನಿಮ್ಮ ಫೋಟೊಗಳಿಲ್ಲ.

ಇದು ಬೇರೆ ಬೀಗವಾಗಿದ್ದರೆ?

ಕಾವಲುಗಾರನನ್ನು ಒಪ್ಪಿಸಿದ ಮೇಲೂ ಫೋಟೊಗಳು ತೆರೆಯದಿದ್ದರೆ, ಅಥವಾ ಡಿಸ್ಕ್ ಒಳಗೇ ಹೋಗಲಾಗದಿದ್ದರೆ, ಎರಡು ಕಾರಣಗಳಿರಬಹುದು.

ಮೊದಲನೆಯದು ಗುಪ್ತಲಿಪಿ. ಇಲ್ಲಿ ಬಾಗಿಲಲ್ಲಿ ಕಾವಲುಗಾರನಿಲ್ಲ, ಬರಹವನ್ನೇ ಕಲಸಿ ಇಟ್ಟಿರುತ್ತಾರೆ. ಡ್ರೈವಿನ ಚಿತ್ರದ ಮೇಲೆ ಬೀಗ ಕಂಡು, ಅದು ಪಾಸ್‌ವರ್ಡನ್ನೋ ರಿಕವರಿ ಕೀಯನ್ನೋ ಕೇಳಿದರೆ ಅದು ಬಿಟ್‌ಲಾಕರ್. ರಿಕವರಿ ಕೀ ಎಂದರೆ 48 ಅಂಕಿಗಳ ಸಂಖ್ಯೆ, ಆರಾರು ಅಂಕಿಗಳ ಎಂಟು ಗುಂಪು. ಈಚಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದಾಗ ಈ ರಕ್ಷಣೆ ತಾನಾಗಿಯೇ ಶುರುವಾಗುತ್ತದೆ. ಮನೆಯವರಿಗೆ ಅದು ಗೊತ್ತೇ ಇರುವುದಿಲ್ಲ. ಆಗ ಕೀ ಅದೇ ಖಾತೆಯಲ್ಲಿ ಉಳಿದಿರುತ್ತದೆ. ಹಳೆಯ ಇಮೇಲಿನಿಂದ ಮೈಕ್ರೋಸಾಫ್ಟ್ ಜಾಲತಾಣಕ್ಕೆ ಲಾಗಿನ್ ಆಗಿ, ನಿಮ್ಮ ಡಿವೈಸುಗಳ ಪುಟದಲ್ಲಿ ಹುಡುಕಿ. ಕೀ ಎಲ್ಲಿಯೂ ಇಲ್ಲದಿದ್ದರೆ ಮೈಕ್ರೋಸಾಫ್ಟ್‌ನವರೂ ಹೊಸದಾಗಿ ಮಾಡಿಕೊಡಲಾರರು. ಮೊಮ್ಮಕ್ಕಳು ಆಟಕ್ಕೆಂದು ಪಾಸ್‌ವರ್ಡ್ ಹಾಕಿ ಕಟ್ಟಿಟ್ಟ ಜಿಪ್ ಫೈಲೂ ಈ ಜಾತಿಯದೇ. ಪಾಸ್‌ವರ್ಡ್ ನೆನಪಿಸಿಕೊಳ್ಳುವುದೇ ದಾರಿ.

ಎರಡನೆಯದು ಡಿಸ್ಕಿನ ಕಾಯಿಲೆ. ಇದು ಬೀಗದಂತೆ ಕಂಡರೂ ಬೀಗವಲ್ಲ. ಡಿಸ್ಕ್ ಟಿಕ್ ಟಿಕ್ ಎಂದು ಸದ್ದು ಮಾಡುವುದು, ಫೈಲ್ ಹಾಳಾಗಿದೆ ಎಂಬ ಅರ್ಥದ ‘ಕರಪ್ಟೆಡ್’ ಎಂಬ ಪದ ಬರುವುದು, ಉಪಯೋಗಿಸುವ ಮುನ್ನ ಫಾರ್ಮ್ಯಾಟ್ ಮಾಡಿ ಎಂದು ಕಂಪ್ಯೂಟರೇ ಕೇಳುವುದು, ಇವು ಲಕ್ಷಣಗಳು. ಫಾರ್ಮ್ಯಾಟ್ ಕೇಳಿದರೆ ‘ಕ್ಯಾನ್ಸಲ್’ ಒತ್ತಿ. ಸದ್ದು ಬರುತ್ತಿದ್ದರೆ ಕೂಡಲೇ ಡಿಸ್ಕ್ ಬಿಚ್ಚಿಟ್ಟು, ಡೇಟಾ ರಿಕವರಿ ಮಾಡುವವರ ಬಳಿಗೆ ಒಯ್ಯಿರಿ. ಮನೆಯಲ್ಲಿ ಮತ್ತೆ ಮತ್ತೆ ಸಿಕ್ಕಿಸಿ ನೋಡಿದಷ್ಟೂ ಉಳಿದದ್ದು ಕಡಿಮೆಯಾಗುತ್ತದೆ.

ಒಬ್ಬ ಜಾಣ ಓದುಗ ಕೇಳಬಹುದು

ಯಜಮಾನನ ಹೆಸರು ಬದಲಿಸುವುದು ಇಷ್ಟು ಸುಲಭವಾದರೆ, ನಮ್ಮ ಡಿಸ್ಕ್ ಸಿಕ್ಕಿದ ಕಳ್ಳನೂ ಇದನ್ನೇ ಮಾಡಬಹುದಲ್ಲ? ಹೌದು ಮಕ್ಕಳೇ, ಮಾಡಬಹುದು. ಡಿಸ್ಕ್ ಬಿಚ್ಚಿ ತನ್ನ ಕಂಪ್ಯೂಟರಿಗೆ ಸಿಕ್ಕಿಸಿದವನಿಗೆ ಅಲ್ಲಿ ತಾನೇ ಅಡ್ಮಿನಿಸ್ಟ್ರೇಟರ್. ಕಾವಲುಗಾರ ಅವನ ಮಾತನ್ನೂ ಕೇಳುತ್ತಾನೆ. ಲಾಗಿನ್ ಪಾಸ್‌ವರ್ಡ್ ಒಂದೇ ಇದ್ದರೆ ಸಾಲದು. ಅದಕ್ಕೇ ಗುಪ್ತಲಿಪಿಯ ಬೀಗ ಹುಟ್ಟಿದ್ದು. ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವಾಗ ಡಿಸ್ಕನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎನ್ನುವುದೂ ಇದಕ್ಕೇ.

ಕಾವಲುಗಾರನ ಬೀಗ ಮನೆಯವರಿಗೆ ಸುಲಭ, ಕಳ್ಳನಿಗೂ ಸುಲಭ. ಗುಪ್ತಲಿಪಿಯ ಬೀಗ ಕಳ್ಳನಿಗೆ ಕಷ್ಟ, ಕೀ ಕಳೆದುಕೊಂಡ ಯಜಮಾನನಿಗೂ ಅಷ್ಟೇ ಕಷ್ಟ. ಎರಡನೆಯದನ್ನು ಹಾಕುವ ಮನೆಯಲ್ಲಿ ಕೀ ಕಾಪಾಡುವ ಶಿಸ್ತೂ ಇರಬೇಕು.

ಇನ್ನೊಂದು ಮಾತು. ಅಕ್ಕನೋ ಅಣ್ಣನೋ ಬೇಕೆಂದೇ ಮುಚ್ಚಿಟ್ಟ ಫೋಲ್ಡರ್ ಮೇಲೆ ಈ ವಿದ್ಯೆ ಪ್ರಯೋಗಿಸಬೇಡಿ. ತೆರೆಯಲು ಬರುವುದು ಬೇರೆ, ತೆರೆಯುವ ಹಕ್ಕು ಬೇರೆ.

ಅಜ್ಜ ಅಜ್ಜಿಯರಿಗೆ ಬೇರೆಯೇ ಒಂದು ಮಾತು

ಫೋಲ್ಡರ್ ತೆರೆಯುತ್ತಿಲ್ಲವೆಂದು ಗೂಗಲ್‌ನಲ್ಲಿ ಹುಡುಕಿದಾಗ ಸಹಾಯವಾಣಿ ಎಂದು ಕೆಲವು ಫೋನ್ ನಂಬರುಗಳು ಕಾಣಬಹುದು. ಕಂಡ ಕಂಡ ನಂಬರಿಗೆ ಕರೆ ಮಾಡಬೇಡಿ. ‘ನಾವೇ ಸರಿಮಾಡಿಕೊಡ್ತೀವಿ ಸಾರ್, ಈ ಆ್ಯಪ್ ಹಾಕ್ಕೊಳ್ಳಿ’ ಎಂದು ದೂರದಿಂದಲೇ ನಿಮ್ಮ ಕಂಪ್ಯೂಟರನ್ನು ವಶಕ್ಕೆ ತೆಗೆದುಕೊಂಡು, ಬ್ಯಾಂಕ್ ಖಾತೆಗೆ ಕೈಹಾಕುವವರಿದ್ದಾರೆ. ಮೇಲೆ ಹೇಳಿದ ಯಾವ ಹೆಜ್ಜೆಗೂ ಓಟಿಪಿಯಾಗಲಿ ಎಟಿಎಂ ಕಾರ್ಡಿನ ಸಂಖ್ಯೆಯಾಗಲಿ ಬೇಕಿಲ್ಲ. ಕೇಳಿದರೆ ಫೋನ್ ಇಡಿ. ಹಣ ಹೋಗಿಯೇಬಿಟ್ಟರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಅದು ಸರ್ಕಾರದ ಸೈಬರ್ ವಂಚನೆ ಸಹಾಯವಾಣಿ.

ಫೈಲುಗಳ ಹೆಸರಿನ ಕೊನೆಗೆ ವಿಚಿತ್ರ ಅಕ್ಷರಗಳು ಸೇರಿ, ದುಡ್ಡು ಕೊಟ್ಟರೆ ಬಿಡಿಸುತ್ತೇವೆ ಎಂಬ ಚೀಟಿ ಪರದೆಯ ಮೇಲೆ ಬಂದರೆ ಅದು ರಾನ್ಸಮ್‌ವೇರ್. 2017ರ ಮೇ ತಿಂಗಳಲ್ಲಿ ಜಗತ್ತಿನ ಎಷ್ಟೋ ಆಸ್ಪತ್ರೆ, ಕಚೇರಿಗಳನ್ನು ಕಾಡಿದ ವಾನಾಕ್ರೈ ಈ ಬಗೆಯದು. ಇಂಟರ್‌ನೆಟ್ ತಂತಿ ಬಿಚ್ಚಿ, ವೈಫೈ ಆರಿಸಿ, ತಿಳಿದವರನ್ನು ಕರೆಯಿರಿ. ದುಡ್ಡು ಕೊಟ್ಟರೆ ಫೈಲುಗಳು ಬಂದೇ ಬರುತ್ತವೆ ಎಂಬ ಖಾತರಿ ಇಲ್ಲ.

ಈ ಭಾನುವಾರದ ಕೆಲಸ

ತಾತ ಮತ್ತು ಮೊಮ್ಮಗ ಸೇರಿ ಮಾಡಬೇಕಾದ್ದು ಮೂರೇ ಕೆಲಸ. ಹೊರಗೆ ತೆಗೆದ ಫೋಟೊಗಳನ್ನು ಇನ್ನೊಂದು ಪೆನ್‌ಡ್ರೈವ್ ಅಥವಾ ಡಿಸ್ಕಿಗೂ ತುಂಬಿ, ಅದನ್ನು ಊರಲ್ಲಿರುವ ಮಗನದೋ ಮಗಳದೋ ಮನೆಗೆ ಕಳಿಸಿ. ಹೊಸ ಲ್ಯಾಪ್‌ಟಾಪಿನಲ್ಲಿ ಬಿಟ್‌ಲಾಕರ್ ಇದೆಯೇ ನೋಡಿ, ಇದ್ದರೆ ಆ 48 ಅಂಕಿಗಳನ್ನು ಕಾಗದದ ಮೇಲೆ ಬರೆದು, ಬ್ಯಾಂಕ್ ಪಾಸ್‌ಬುಕ್ಕಿನ ಜೊತೆ ಬೀರುವಿನಲ್ಲಿಡಿ. ಲ್ಯಾಪ್‌ಟಾಪಿನ ಚೀಲದಲ್ಲಿ ಮಾತ್ರ ಇಡಬೇಡಿ.

ಮೂರನೆಯದು ಮೊಮ್ಮಗನಿಗೆ. ಫೋಟೊಗಳನ್ನು ಒಂದೊಂದಾಗಿ ತೆರೆದು, ಇದು ಯಾವ ಊರು, ಯಾರ ಮದುವೆ, ಅಜ್ಜಿಯ ಪಕ್ಕದಲ್ಲಿರುವವರು ಯಾರು ಎಂದು ತಾತನನ್ನು ಕೇಳಿ, ಫೈಲಿನ ಹೆಸರಿನಲ್ಲೇ ಬರೆದಿಡು ಮರಿ. ಬೀಗ ಹೋದರೆ ತೆಗೆಯುವ ದಾರಿ ಉಂಟು. ಆ ಹೆಸರುಗಳು ಇರುವುದು ತಾತನ ನೆನಪಿನಲ್ಲಿ ಮಾತ್ರ.