ಯಂತ್ರದ ನಂಬರು ಪುಸ್ತಕದಲ್ಲೂ ಇರಲಿ



ಫ್ಯಾಕ್ಸಿನ ಕಾಲ ಮುಗಿಯಿತೆನ್ನುವವರುಂಟು. ಆದರೂ ಕೆಲವು ಕಚೇರಿಗಳಲ್ಲಿ ಆ ಯಂತ್ರ ಮೇಜಿನ ಮೇಲೆ ಇನ್ನೂ ಇದೆ. ಇಂಟರ್ನೆಟ್ ಕೈಕೊಟ್ಟ ದಿನ ತೂಕದ ಲೆಕ್ಕವೋ ಧಾರಣೆ ಪಟ್ಟಿಯೋ ಅದರಲ್ಲೇ ಹೋಗಬೇಕು.

ನಂಬರು ಕೂಡಿಟ್ಟ ಯಂತ್ರದಲ್ಲಿ ಹೆಸರು ಹುಡುಕಿ ‘ಸ್ಟಾರ್ಟ್’ ಗುಂಡಿ ಒತ್ತಿದರೆ ಸಾಕು. ಸುಲಭವೇನೋ ನಿಜ. ಆದರೆ ಒಂದೇ ಮಂಡಿಯನ್ನು ಒಬ್ಬರು ಊರಿನ ಹೆಸರಲ್ಲಿ, ಇನ್ನೊಬ್ಬರು ಮಾಲೀಕರ ಹೆಸರಲ್ಲಿ ಸೇರಿಸಿರುತ್ತಾರೆ. ಸೇರಿಸಿದ ಗುಮಾಸ್ತರು ರಜೆ ಹೋದರೆ ನಂಬರೂ ರಜೆ ಹೋದಂತೆಯೇ!

ಸಹಕಾರಿ ಸಂಘದ ನಂಬರುಗಳು ಸದಸ್ಯರೆಲ್ಲರ ಸ್ವತ್ತು, ಒಬ್ಬರ ನೆನಪಿನ ಗಂಟಲ್ಲ ಎಂಬುದು ನಮ್ಮ ಅಭಿಪ್ರಾಯ. ಮೊದಲು ಊರು, ಆಮೇಲೆ ಮಂಡಿ ಎಂಬ ಒಂದೇ ಕ್ರಮವಿರಲಿ. ಕನ್ನಡದಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಅಜ್ಜಂಪುರ, ಕಡೂರು, ತರೀಕೆರೆ ಇದೇ ಸಾಲಿನಲ್ಲಿ ಬರುತ್ತವೆ. ಅದೇ ಕ್ರಮದಲ್ಲಿ ಪುಸ್ತಕವೊಂದನ್ನು ಬರೆದು ಯಂತ್ರದ ಪಕ್ಕದಲ್ಲಿಡಬೇಕು. ಕಡೂರಿನ 08267, ತರೀಕೆರೆಯ 08261 ಎಂಬ ಎಸ್.ಟಿ.ಡಿ. ಕೋಡೂ ಅದರಲ್ಲಿರಲಿ.

2021ರ ಜನವರಿ 15ರಿಂದ ಸ್ಥಿರ ದೂರವಾಣಿಯಿಂದ ಮೊಬೈಲಿಗೆ ಕರೆ ಮಾಡಲು ಮುಂದೆ 0 ಸೇರಿಸಬೇಕೆಂಬ ನಿಯಮ ಬಂದಿದೆ. ಅದಕ್ಕೂ ಮೊದಲು ಯಂತ್ರಕ್ಕೆ ತುಂಬಿದ ಲಾರಿ ಚಾಲಕರ ಮೊಬೈಲ್ ನಂಬರು ತಾನಾಗಿ ತಿದ್ದಿಕೊಳ್ಳದು. ಕುಳಿತು ಒಂದೊಂದಾಗಿ ತಿದ್ದಬೇಕು.

ಗುಂಡಿ ಒತ್ತುವ ಮುನ್ನ ಪರದೆಯ ನಂಬರನ್ನು ಪುಸ್ತಕದೊಡನೆ ತಾಳೆ ನೋಡುವುದು ಅಗತ್ಯ. ಒಬ್ಬ ಬೆಳೆಗಾರನ ವರ್ಷದ ದುಡಿಮೆಯ ಲೆಕ್ಕ ಬೇರೆ ಮಂಡಿಯ ಮೇಜಿಗೆ ಬಿದ್ದರೆ ಅದನ್ನು ಹಿಂದಕ್ಕೆ ಕರೆಯಲಾಗದು.

ಮನೆಯ ಮೊಬೈಲಿಗೂ ಇದೇ ಮಾತು. ಮುಖ್ಯವಾದ ಹತ್ತು ನಂಬರುಗಳನ್ನು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿಡಿರೆಂದು ಸದಸ್ಯರಲ್ಲಿ ನಮ್ಮ ವಿನಂತಿ.