ಸ್ಪೀಕರ್ ಆಮೇಲೆ, ಮೊದಲು ಗಡಗಡ ನಿಲ್ಲಲಿ

ಕಾಲೇಜಿನ ಪಾರ್ಕಿಂಗ್ ಹತ್ರ ಸಂಜೆ ಹೊತ್ತು ಸುಮ್ಮನೆ ನಿಂತು ಕೇಳಿ. ಯಾವುದಾದರೂ ಕಾರು ಜೋರಾಗಿ ಹಾಡು ಹಾಕಿಕೊಂಡು ಬಂದರೆ ಹಾಡಿಗಿಂತ ಮೊದಲು ಕೇಳಿಸೋದು ಅದರ ಹಿಂದಿನ ನಂಬರ್ ಪ್ಲೇಟು. ಒಳಗಿರೋನು ಬೇಸ್ ಅಂದ್ಕೊಂಡು ಖುಷಿಪಡ್ತಿರ್ತಾನೆ, ಹೊರಗಿರೋರಿಗೆ ತಗಡು ಬಡಿದ ಸದ್ದು. ಇಷ್ಟಾದ ಮೇಲೂ ಅವನ ಮುಂದಿನ ಪ್ಲಾನು ಇನ್ನೂ ದೊಡ್ಡ ಸಬ್‌ವೂಫರ್! ಕಾರಿನ ಸೌಂಡ್ ಸರಿ ಮಾಡೋ ಕೆಲಸ ಈ ಗಡಗಡ ನಿಲ್ಲಿಸೋದರಿಂದಲೇ ಶುರುವಾಗಬೇಕು ಅನ್ನೋದು ನನ್ನ ವಾದ. ಎಂಜಿನಿಯರಿಂಗ್ ಓದ್ತಿರೋ ನಾವು ಅದನ್ನು ಕೈಯಾರೆ ಮಾಡಬೇಕು ಅಂತಲೂ ಹೇಳ್ತೀನಿ.

ಮೊದಲು ವ್ಯಾಟ್ ಲೆಕ್ಕ ಮುಗಿಸಿಬಿಡೋಣ. ಸ್ಟೀರಿಯೋ ಡಬ್ಬದ ಮೇಲೆ ‘50 ವ್ಯಾಟ್ × 4’ ಅಂತ ದಪ್ಪಕ್ಷರದಲ್ಲಿ ಇರತ್ತಲ್ಲ, ಅದು ಎಲ್ಲಿಂದ ಬಂತು? ಎಂಜಿನ್ ಓಡ್ತಿರುವಾಗ ಕಾರಿನಲ್ಲಿ ಸಿಗೋದು ಸುಮಾರು 14.4 ವೋಲ್ಟ್. ಸ್ಪೀಕರ್ ಸಾಮಾನ್ಯವಾಗಿ 4 ಓಮ್. 14.4ರ ವರ್ಗವನ್ನು 4ರಿಂದ ಭಾಗಿಸಿ: 51.8. ಅಂದ್ರೆ ಒಳಗಿನ ಆಂಪ್ಲಿಫೈಯರ್ ಪೂರ್ತಿ ಒದ್ದಾಡಿ ಸ್ಕ್ವೇರ್ ವೇವ್ ಕಕ್ಕಿದಾಗ ಬರೋ ಸಂಖ್ಯೆ ಅದು. ಅದನ್ನು ಯಾರೂ ಹಾಡು ಅನ್ನಲ್ಲ. ಸೈನ್ ವೇವ್‌ಗೆ ಲೆಕ್ಕ ಹಾಕಿದರೆ ಅದರರ್ಧ, 26; ನಷ್ಟವೆಲ್ಲ ಕಳೆದು ಸ್ವಚ್ಛವಾಗಿ ಸಿಗೋದು 20ರ ಆಸುಪಾಸು. ಫಸ್ಟ್ ಇಯರ್ ಬೇಸಿಕ್ ಎಲೆಕ್ಟ್ರಿಕಲ್ ಪಾಸಾದ ಯಾರು ಬೇಕಾದರೂ ಮಾಡಬಹುದಾದ ಲೆಕ್ಕ ಇದು. ಆದರೂ ಕೌಂಟರ್ ಮುಂದೆ ನಿಂತಾಗ ನಾವು ಡಬ್ಬವನ್ನೇ ನಂಬ್ತೀವಿ. ಜೊತೆಗೆ, ಪವರ್ ದುಪ್ಪಟ್ಟಾದರೆ ಹೆಚ್ಚೋದು ಬರೀ 3 ಡೆಸಿಬೆಲ್. ಕಿವಿಗೆ ಸದ್ದು ದುಪ್ಪಟ್ಟಾಯ್ತು ಅನಿಸಬೇಕಾದರೆ ಸುಮಾರು ಹತ್ತು ಪಟ್ಟು ಪವರ್ ಬೇಕು. ಹಾಗಾಗಿ ಸ್ಪೀಕರ್ ಕೊಳ್ಳುವಾಗ ಆರ್‌ಎಂಎಸ್ ಜೊತೆ ಸೆನ್ಸಿಟಿವಿಟಿ ನೋಡಿ. ಅದು 3 ಡೆಸಿಬೆಲ್ ಹೆಚ್ಚಿದ್ದರೆ ಹಳೇ ಸ್ಟೀರಿಯೋದಿಂದಲೇ ಪವರ್ ದುಪ್ಪಟ್ಟು ಮಾಡಿದಷ್ಟು ಸದ್ದು ಬರತ್ತೆ.

ಇನ್ನು ಬಾಗಿಲು. ಮುಂದಿನ ಸ್ಪೀಕರ್ ಕೂತಿರೋದು ಅಲ್ಲೇ. ಹಲಸಿನ ಹಣ್ಣು ತಟ್ಟಿ ನೋಡೋ ಹಾಗೆ ಬಾಗಿಲಿನ ಹೊರತಗಡನ್ನು ಬೆರಳಿಂದ ತಟ್ಟಿ. ‘ಟಣ್’ ಅಂದರೆ ಆ ತಗಡೇ ಇನ್ನೊಂದು ಸ್ಪೀಕರ್ ಅಂತ ಲೆಕ್ಕ, ಅದೂ ನೀವು ಕೇಳದ ಸ್ವರದಲ್ಲಿ ಹಾಡೋದು. ಡೋರ್ ಪ್ಯಾಡ್ ಬಿಚ್ಚಿದರೆ ಒಳತಗಡಿನಲ್ಲಿ ದೊಡ್ಡ ದೊಡ್ಡ ತೂತುಗಳು ಕಾಣ್ತವೆ. ಸ್ಪೀಕರಿನ ಹಿಂದಿನ ಅಲೆ ಆ ತೂತುಗಳಿಂದ ಹೊರಬಂದು ಮುಂದಿನ ಅಲೆಯನ್ನು ಹೊಡೆದುಹಾಕತ್ತೆ. ಬೇಸ್ ಎಲ್ಲಿ ಹೋಯ್ತು ಅಂತ ಹುಡುಕೋರಿಗೆ ಉತ್ತರ ಬಹುಪಾಲು ಇಲ್ಲೇ ಇದೆ.

ಇದಕ್ಕೆ ಬ್ಯುಟೈಲ್ ಶೀಟ್ ಸಿಗತ್ತೆ, ಒಂದು ಕಡೆ ಅಲ್ಯೂಮಿನಿಯಂ ಹಾಳೆ, ಇನ್ನೊಂದು ಕಡೆ ಅಂಟು. ತಗಡು ನಡುಗಿದಾಗ ಮಧ್ಯದ ರಬ್ಬರು ಹಿಂಜಿಕೊಂಡು ಆ ನಡುಕವನ್ನು ಬಿಸಿಯಾಗಿ ಬದಲಾಯಿಸತ್ತೆ. ತೂಕ ಹೆಚ್ಚಿದ್ದರಿಂದ ತಗಡಿನ ಸ್ವಂತ ಆವರ್ತನವೂ ಕೆಳಗಿಳಿಯತ್ತೆ. ಮೃದಂಗದ ಬಲಗಡೆ ಕರಣೆ ಹಾಕೋದೂ ಚರ್ಮಕ್ಕೆ ತೂಕ ಸೇರಿಸಿ ನಾದ ಬದಲಿಸೋಕೆ. ಅದರ ಭೌತಶಾಸ್ತ್ರವನ್ನು ಸಿ.ವಿ. ರಾಮನ್ 1920ರಲ್ಲೇ ‘ನೇಚರ್’ ಪತ್ರಿಕೆಯಲ್ಲಿ ಬರೆದಿದ್ದಾರೆ. ಕರಣೆ ನಾದ ಕೂಡಿಸತ್ತೆ, ಬ್ಯುಟೈಲ್ ನಾದ ಕೊಲ್ಲತ್ತೆ, ಅಷ್ಟೇ ವ್ಯತ್ಯಾಸ. ಇಡೀ ಬಾಗಿಲಿಗೆ ಶೀಟ್ ಬಳಿಯೋದು ದುಡ್ಡು ದಂಡ, ಅಗಲವಾದ ಚಪ್ಪಟೆ ಜಾಗದ ಮಧ್ಯಕ್ಕೆ ಅಂಟಿಸಿದರೆ ಸಾಕಷ್ಟಾಯ್ತು. ಅಗ್ಗ ಅಂತ ಮನೆ ಸೂರಿಗೆ ಹಾಕೋ ಡಾಂಬರ್ ಶೀಟ್ ತರಬೇಡಿ, ಬಿಸಿಲಿಗೆ ಕರಗಿ ವಾಸನೆ ಬರತ್ತೆ. ಬಾಗಿಲಿನ ತಳದಲ್ಲಿ ನೀರು ಹೋಗೋ ಸಣ್ಣ ಕಿಂಡಿಗಳಿರ್ತವೆ, ಅವನ್ನು ಮುಚ್ಚಬೇಡಿ. ಪ್ಯಾಡಿನ ಹಿಂದಿರೋ ಪ್ಲಾಸ್ಟಿಕ್ ಹಾಳೆಯನ್ನು ಹರಿದು ಬಿಸಾಕಿದರೆ ಮೊದಲ ಮಳೆಗೇ ಕಾಲಡಿಯ ಕಾರ್ಪೆಟ್ ನೆನೆಯತ್ತೆ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ, ಸದ್ದಿನ ಬೇಟೆ. ಕಾರು ಕಂಪನಿಗಳಲ್ಲಿ ಇದಕ್ಕೆಂದೇ ಎಂಜಿನಿಯರುಗಳಿದ್ದಾರೆ, ಸದ್ದುಗಳನ್ನು ಬಜ್, ಸ್ಕ್ವೀಕ್, ರ್‍ಯಾಟಲ್ ಅಂತ ಮೂರು ಮಾಡ್ತಾರೆ. ನಮ್ಮ ಅಜ್ಜಿಯರು ಗುಂಯ್, ಕಿರ್, ಗಡಗಡ ಅಂತ ಆಗಲೇ ಮಾಡಿದ್ದಾರೆ ಬಿಡಿ. ಎರಡು ಮೈ ಉಜ್ಜಿದರೆ ಕಿರ್, ಒಂದಕ್ಕೊಂದು ಬಡಿದರೆ ಗಡಗಡ. ಮೊದಲು ಕಾರು ಖಾಲಿ ಮಾಡಿ. ಕಪ್ ಹೋಲ್ಡರಿನ ಚಿಲ್ಲರೆ, ಗ್ಲೋವ್ ಬಾಕ್ಸಿನ ಕನ್ನಡಕದ ಡಬ್ಬಿ, ಡಿಕ್ಕಿಯ ಜಾಕು, ಸ್ಪ್ಯಾನರು ಎಲ್ಲ ಹೊರಗೆ. ಅರ್ಧ ಸದ್ದು ಇಲ್ಲೇ ಮುಗಿದರೂ ಆಶ್ಚರ್ಯವಿಲ್ಲ. ಆಮೇಲೆ ಕಾರು ನಿಲ್ಲಿಸಿ, ಫೋನಿನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿ 30 ಹರ್ಟ್ಜ್‌ನಿಂದ 200ರವರೆಗೆ ನಿಧಾನಕ್ಕೆ ಏರಿಸಿ. ವೈಬ್ರೇಷನ್ಸ್ ಪೇಪರಿನಲ್ಲಿ ಬರೆಯೋ √(ಕೆ/ಎಂ) ಇಲ್ಲಿ ನಿಮ್ಮ ಕಣ್ಣೆದುರು ಕೆಲಸ ಮಾಡತ್ತೆ: ಒಂದು ಆವರ್ತನಕ್ಕೆ ಡೋರ್ ಪ್ಯಾಡು, ಇನ್ನೊಂದಕ್ಕೆ ಹಿಂದಿನ ಪಾರ್ಸೆಲ್ ಟ್ರೇ, ಮತ್ತೊಂದಕ್ಕೆ ಸೀಟ್ ಬೆಲ್ಟಿನ ಬಕಲ್ ಎದ್ದು ಕುಣಿಯತ್ತೆ. ಕುಣಿದಲ್ಲಿ ಕೈಯಿಟ್ಟು ಒತ್ತಿ. ನಿಂತರೆ ಕಳ್ಳ ಸಿಕ್ಕ ಹಾಗೆ. ಮುರಿದ ಕ್ಲಿಪ್ಪಿಗೆ ಹೊಸ ಕ್ಲಿಪ್ಪು, ಬಡಿಯೋ ವೈರ್ ಕಟ್ಟಿಗೆ ಬಟ್ಟೆ ಟೇಪು, ನಂಬರ್ ಪ್ಲೇಟಿನ ಹಿಂದೆ ಫೋಮ್ ತುಂಡು. ಖರ್ಚು ಕೆಲವು ನೂರು ರೂಪಾಯಿ ದಾಟೋದು ಕಷ್ಟ. ಕೆಲವು ಸದ್ದು ಮಾತ್ರ ಬಾಡಿ ತಿರುಚಿಕೊಂಡಾಗಷ್ಟೇ ಬರತ್ತೆ. ಅದಕ್ಕೆ ಒಬ್ಬರು ಓಡಿಸಿ, ಇನ್ನೊಬ್ಬರು ಹಿಂದಿನ ಸೀಟಿನಲ್ಲಿ ಕಿವಿ ಕೊಟ್ಟು ಕೂರಬೇಕು. ಹಂಪುಗಳಿಗೆ ನಮ್ಮ ಊರಲ್ಲಿ ಬರವಿಲ್ಲ.

‘ಅಪ್ಪನ ಕಾರು, ಮುಟ್ಟಿದ್ರೆ ಬೈತಾರೆ’ ಅನ್ನೋರ ಭಯ ನ್ಯಾಯವೇ. ವೈರ್ ಕತ್ತರಿಸಬೇಡಿ, ನಿಮ್ಮ ಮಾಡೆಲ್ಲಿಗೆ ಹೊಂದೋ ಕಪ್ಲರ್ ತಗೊಳ್ಳಿ. ವಾರಂಟಿ ತಕರಾರಿಗೂ ದಾರಿ ಕಡಿಮೆ, ಬೇಡವಾದಾಗ ಮೊದಲಿನ ಹಾಗೇ ಜೋಡಿಸಬಹುದು. ಸ್ಪೀಕರಿನ ಪ್ಲಸ್ ಮೈನಸ್ ಅನುಮಾನವಿದ್ದರೆ 1.5 ವೋಲ್ಟಿನ ಸೆಲ್ ಒಂದು ಕ್ಷಣ ತಾಗಿಸಿ: ಕೋನ್ ಮುಂದಕ್ಕೆ ಬಂದರೆ ಸೆಲ್ಲಿನ ಪ್ಲಸ್ ತಾಗಿದ ತುದಿಯೇ ಪ್ಲಸ್. ಆಂಪ್ಲಿಫೈಯರಿಗೆ ಬ್ಯಾಟರಿಯಿಂದ ನೇರ ವೈರ್ ಎಳೆದರೆ ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ, ಒಂದೂವರೆ ಅಡಿಯೊಳಗೆ ಇರಲೇಬೇಕು. ಇಲ್ಲದಿದ್ದರೆ ವೈರ್ ಎಲ್ಲಾದರೂ ಉಜ್ಜಿ ಶಾರ್ಟ್ ಆದ ದಿನ ಕಾರಿಗೇ ಬೆಂಕಿ. ಸ್ಟೀರಿಂಗ್, ಗಾಜಿನ ಪಕ್ಕದ ಪಿಲ್ಲರ್, ಹಳದಿ ಕನೆಕ್ಟರ್ ಇರೋ ಯಾವ ಜಾಗಕ್ಕೂ ಕೈ ಹಾಕಬೇಡಿ, ಅವು ಏರ್‌ಬ್ಯಾಗಿನವು. ಅಲ್ಲಿಂದ ಸದ್ದು ಬಂದರೆ ಸರ್ವಿಸ್ ಸೆಂಟರೇ ಸರಿ.

ಹಾಗಾದ್ರೆ ಜೆ.ಸಿ. ರೋಡಿನ ಅಂಗಡಿಗಳು ಯಾಕಿವೆ ಅಂತ ಕೇಳಬಹುದು. ಅಲ್ಲಿನ ಹುಡುಗರ ಕೈಚಳಕದ ಮುಂದೆ ನಾವು ಏನೂ ಅಲ್ಲ. ನಾವು ಅರ್ಧ ದಿನ ತಗೊಳ್ಳೋ ಡೋರ್ ಪ್ಯಾಡನ್ನು ಅವರು ಟೀ ಆರೋದರೊಳಗೆ ಬಿಚ್ಚಿಡ್ತಾರೆ. ಆದರೆ ಅಂಗಡಿಗೆ ದುಡ್ಡು ಹುಟ್ಟೋದು ಸ್ಪೀಕರ್ ಮಾರಿದರೆ. ಸೀಟಿನಡಿ ಉರುಳ್ತಿರೋ ಒಂದು ಬೋಲ್ಟ್ ಹುಡುಕೋಕೆ ಎರಡು ಗಂಟೆ ಕೊಟ್ಟರೆ ಯಾರು ಕೂಲಿ ಕೊಡ್ತಾರೆ? ಆ ಎರಡು ಗಂಟೆ ಇರೋದು ನಮ್ಮ ಹತ್ರ. ಫೈನಲ್ ಇಯರ್ ಪ್ರಾಜೆಕ್ಟನ್ನೇ ರೆಡಿಮೇಡ್ ಕೊಂಡು ತರೋ ಕಾಲದಲ್ಲಿ, ಕಾರಣ ಹುಡುಕಿ, ಸರಿ ಮಾಡಿ, ಮತ್ತೆ ಓಡಿಸಿ ಪರೀಕ್ಷಿಸೋ ಒಂದು ಇಡೀ ಸುತ್ತು ಕಲಿಯೋಕೆ ಇದಕ್ಕಿಂತ ಅಗ್ಗದ ಲ್ಯಾಬ್ ನನಗೆ ಗೊತ್ತಿಲ್ಲ.

ಲ್ಯಾಬ್ ಅಂದಾಗ ನೆನಪಾಯ್ತು. ನಮ್ಮ ಮೆಕ್ಯಾನಿಕಲ್ ಬ್ಲಾಕಿನಲ್ಲಿ ಕತ್ತರಿಸಿಟ್ಟ ಎಂಜಿನ್ನಿದೆ, ವರ್ಷವರ್ಷ ಅದಕ್ಕೆ ಬಣ್ಣ ಬಳೀತಾರೆ, ಯಾರೂ ಮುಟ್ಟೋ ಹಾಗಿಲ್ಲ. ಅದರ ಪಕ್ಕ ಗುಜರಿಯಿಂದ ತಂದ ಒಂದು ಕಾರಿನ ಬಾಗಿಲನ್ನು ಸ್ಟ್ಯಾಂಡಿಗೆ ಹಾಕಿ ನಿಲ್ಲಿಸಿ, ಒಂದು ಸ್ಪೀಕರು, ಸಿಗ್ನಲ್ ಜನರೇಟರು, ಒಂದಿಷ್ಟು ಕ್ಲಿಪ್ಪು, ಟೇಪು ಇಡಿ. ಬಾಗಿಲು ನಾವೇ ಹುಡುಕಿ ಹೊತ್ತು ತರ್ತೀವಿ. ಎಚ್‌ಒಡಿ ಸರ್ ಜಾಗ ತೋರಿಸಿದರೆ ಸಾಕು.