ಕನೆಕ್ಷನ್ ಕಟ್ ಆದ ಮೂರು ಗಂಟೆ



ಸ್ವಲ್ಪ ಟೆಕ್ನಿಕಲ್ ವಿಷಯ, ಆದ್ರೂ ಓದಿ.

ಟ್ವಿಟರ್ ಸ್ಟ್ರೀಮಿಂಗ್ ಎಪಿಐ ಇನ್ನೂ ಪುಕ್ಕಟೆ ಇದ್ದ ಕಾಲ. ಏಪ್ರಿಲ್ 14ರಂದು ನಮ್ಮವರು ಬರೆದದ್ದನ್ನೆಲ್ಲ ಕೂಡಿಡಬೇಕು ಅಂತ ನಾವು ನಾಲ್ಕು ಜನ ಕೂತು ಪೈಥಾನ್‌ನಲ್ಲಿ ಕೋಡ್ ಬರೆದ್ವಿ. ಒಮ್ಮೆ ಕನೆಕ್ಷನ್ ಹತ್ತಿದರೆ ನಲ್ಲಿ ನೀರಿನ ಹಾಗೆ ಟ್ವೀಟುಗಳು ಬರ್ತಾನೇ ಇರ್ತವೆ. ಆದರೆ ಒಂದು ಅಕೌಂಟಿಗೆ ಒಂದೇ ನಲ್ಲಿ. ಅದು ಗೊತ್ತಿಲ್ಲದೆ ನಮ್ಮ ಹುಡುಗನೊಬ್ಬ ಅದೇ ಕೀ ಹಾಕಿ ತನ್ನ ಲ್ಯಾಪ್‌ಟಾಪಲ್ಲೂ ಓಡಿಸಿದ. ಅವನದು ಹತ್ತಿದರೆ ನನ್ನದು ಕಟ್, ನನ್ನದು ಹತ್ತಿದರೆ ಅವನದು ಕಟ್. ಕೋಡೋ, ಕಟ್ ಆದ ಕೂಡಲೇ ಪುರುಸೊತ್ತಿಲ್ಲದೆ ಮತ್ತೆ ಬಾಗಿಲು ಬಡಿಯೋದು. ಕೊನೆಗೆ 420 ಅಂತ ಬಂತು. ನಮ್ಮ ಕಡೆ ಅದು ಮೋಸಗಾರರ ನಂಬರ್. ಟ್ವಿಟರ್ ಭಾಷೆಯಲ್ಲಿ 'ಸ್ವಲ್ಪ ಸಮಾಧಾನ ಮಾಡ್ಕೊಳ್ಳಿ' ಅಂತ. ಈ ಮಾತು ನಮಗೆ ಹೊಸದಲ್ಲ ಬಿಡಿ!

ಆವತ್ತು ತಪ್ಪು ನಮ್ಮದೇ. ನಿಯಮ ಬರೆದಿಟ್ಟಿದ್ರು. ನೆಟ್ ಕಡಿದ್ರೆ ಕಾಲು ಸೆಕೆಂಡಿಂದ ಶುರು ಮಾಡಿ 16 ಸೆಕೆಂಡಿನವರೆಗೆ ಕಾಯೋ ಹೊತ್ತನ್ನ ಏರಿಸ್ತಾ ಹೋಗಬೇಕು. 420 ಬಂದ್ರೆ ಒಂದು ನಿಮಿಷ, ಆಮೇಲೆ ಎರಡು, ನಾಲ್ಕು. ಟ್ವೀಟ್ ಇಲ್ಲದಿದ್ದರೂ 30 ಸೆಕೆಂಡಿನೊಳಗೆ ಒಂದು ಖಾಲಿ ಸಾಲು ಬರುತ್ತೆ. 90 ಸೆಕೆಂಡ್ ಏನೂ ಬರಲಿಲ್ಲ ಅಂದ್ರೆ ಲೈನ್ ಸತ್ತಿದೆ ಅಂತ ಲೆಕ್ಕ. ನಾವು ಓದಿರಲಿಲ್ಲ.

ಸಂಜೆಯ ಮೂರು ಗಂಟೆ ಖಾಲಿ ಹೋಯ್ತು. ಆಮೇಲೆ ಗ್ರಾಫ್ ನೋಡಿದ ಮಹನೀಯರೊಬ್ಬರು, 'ಸಂಜೆ ಹೊತ್ತಿಗೆ ನಿಮ್ಮವರ ಉತ್ಸಾಹ ಇಳಿದೋಯ್ತು' ಅಂದ್ರು. ಇಳಿದದ್ದು ಲೈನು ಸ್ವಾಮಿ, ಜನ ಅಲ್ಲ! ಆದರೆ ಅದನ್ನ ತೋರಿಸೋಕೆ ನಮ್ಮ ಹತ್ತಿರ ಒಂದು ಲಾಗ್ ಫೈಲೂ ಇರಲಿಲ್ಲ. ಅಂದಿನಿಂದ ನನ್ನದೊಂದು ಹಟ: ನಮ್ಮ ಬಗ್ಗೆ ಡೇಟಾ ಹಿಡ್ಕೊಂಡು ಮಾತಾಡೋರು ಮೊದಲು ಕನೆಕ್ಷನ್ ಯಾವಾಗ ಕಟ್ಟಾಯ್ತು, ಯಾವಾಗ ಹತ್ತಿತು ಅನ್ನೋ ಲಾಗ್ ತೋರಿಸ್ಲಿ. ಮಷೀನ್ ಕೇಳಿಸಿಕೊಳ್ಳದೇ ಇದ್ದದ್ದನ್ನ ನಮ್ಮ ಮೌನ ಅಂತ ಬರೆದುಕೊಳ್ಳೋದು ಬೇಡ.

2023ರಲ್ಲಿ ಪುಕ್ಕಟೆ ನಲ್ಲಿ ಬಂದ್ ಆಯ್ತು. ಸ್ಟ್ರೀಮ್ ಬೇಕಂದ್ರೆ ತಿಂಗಳಿಗೆ 5,000 ಡಾಲರಿನ ಪ್ಲಾನ್ ಅಂದ್ರು. ಚಂದಾ ಎತ್ತಿ ಜಯಂತಿ ಮಾಡೋ ಸಂಘಗಳಿಗೆ ಇದು ಆಗೋ ಮಾತಾ? ಬ್ಲೂಸ್ಕೈನ ಜೆಟ್‌ಸ್ಟ್ರೀಮ್‌ಗೆ ಕೀನೂ ಬೇಡ, ಕರ್ಸರ್ ಬರೆದಿಟ್ಟುಕೊಂಡು ಬೇಗ ಮರಳಿದರೆ ಕಡಿದಲ್ಲಿಂದಲೇ ಹಿಡೀಬಹುದು. ಆದ್ರೆ ನಮ್ಮವರು ಅಲ್ಲಿ ಎಷ್ಟು ಜನ ಇದೀರಿ?

ಮುಂದಿನ ಏಪ್ರಿಲ್‌ಗೆ ಹೊಸ ಕೋಡ್ ಬರೀತಿದೀವಿ. ಲಾಗ್ ಬರೆಯೋ ಭಾಗ ಮೊದಲೇ ಮುಗಿದಿದೆ. ಪೈಥಾನ್ ಬರೋ ತಮ್ಮ ತಂಗಿಯರು ಇನ್‌ಬಾಕ್ಸಿಗೆ ಬನ್ನಿ. ಲ್ಯಾಪ್‌ಟಾಪ್ ಮಾತ್ರ ಒಂದೇ ಸಾಕು.